ಕಾಗದದಷ್ಟು ಸಂದು

ಆ ಮನೆಯಲ್ಲಿ ಮನುಷ್ಯರೆಲ್ಲ ಗಟ್ಟಿಮುಟ್ಟಾಗಿದ್ದರು, ಬೇರಿಂಗುಗಳಿಗೆ ಮಾತ್ರ ಆಯುಸ್ಸಿರಲಿಲ್ಲ. ಹೊಸದಾಗಿ ಹಾಕಿದವು ನಾಲ್ಕು ದಿನ ತೆಪ್ಪಗಿರುತ್ತಿದ್ದವು, ಆಮೇಲೆ ಗೊಣಗುತ್ತಿದ್ದವು, ಕೊನೆಗೆ ಪಕ್ಕದ ಬೀದಿಯ ನಾಯಿಯೂ ಎದ್ದು ನಿಲ್ಲುವ ಹಾಗೆ ಕಿರುಚಿ ಪ್ರಾಣ ಬಿಡುತ್ತಿದ್ದವು. ಸತ್ತವನ್ನೆಲ್ಲ ಸೊಸೆ ಒಂದು ಹಳೇ ಬಣ್ಣದ ಡಬ್ಬಿಗೆ ಹಾಕಿಡುತ್ತಿದ್ದಳು. ಡಬ್ಬಿ ತುಂಬಲು ಇನ್ನು ಸ್ವಲ್ಪವೇ ಬಾಕಿ ಇತ್ತು.

ಅವಳ ಗಂಡನ ತಾಳ್ಮೆ ಅದಕ್ಕೂ ಮೊದಲೇ ತುಂಬಿ ಚೆಲ್ಲಿತು. ಊಟಕ್ಕೆ ಕೂತಾಗ ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ, "ಇನ್ನೊಂದು ಸಲ ಬೇರಿಂಗ್ ಹೋದ್ರೆ ಮಿಷನ್ನೇ ಹೋಗುತ್ತೆ. ಸೇತುವೆ ಆಚೆ ಬಾಗಿಲು ಮಾಡೋನು ಕೇಳ್ತಾ ಇದಾನೆ, ಕೊಟ್ಟುಬಿಡ್ತೀನಿ. ಮರದ ಮಿಲ್ಲಿನವರು ನಮಗೆ ಬೇಕಾದ ಹಾಗೆ ಕೊಯ್ದೇ ಕಳಿಸ್ತಾರೆ. ನಾವು ಜೋಡಿಸಿ ಪಾಲಿಶ್ ಹೊಡೆದ್ರೆ ಆಯ್ತು. ಈ ಕಿರುಚಾಟ ನಂಗೆ ಸಾಕಾಗಿದೆ."

"ಹಾಗಾದ್ರೆ ನಾನೇನು ಮಾಡ್ಲಿ?" ಎಂದಳು ಸೊಸೆ.

"ನೀನು ಮುಂದೆ ಅಂಗಡೀಲಿ ಕೂತ್ಕೋ. ಗಿರಾಕಿಗಳ ಹತ್ರ ಮಾತಾಡು. ಅಲ್ಲಿ ಫ್ಯಾನ್ ಇದೆ."

ಫ್ಯಾನ್ ಇದೆಯಂತೆ. ಹೆಂಡತಿಗೆ ಫ್ಯಾನು ತೋರಿಸಿದರೆ ಸಮಾಧಾನವಾಗುತ್ತದೆ ಎಂದು ಅವನಿಗೆ ಯಾರು ಹೇಳಿಕೊಟ್ಟರೋ. ಹಾಗಂತ ಅವನು ಕೆಟ್ಟವನೇನಲ್ಲ. ಬಡಗಿಯ ಮಗನಾಗಿ ಹುಟ್ಟಿ, ಮರದ ಪುಡಿ ಮೂಗಿಗೆ ಹೋದರೆ ಒಂದೇ ಸಮ ಸೀನುವ ದೇಹ ಪಡೆದುಬಂದಿದ್ದ, ಅಷ್ಟೇ ಅವನ ತಪ್ಪು. ಅದಕ್ಕೇ ವ್ಯಾನು ಓಡಿಸುವುದು, ಕುರ್ಚಿ ತಲುಪಿಸುವುದು, ಗಿರಾಕಿಗಳನ್ನು ನಗಿಸುವುದು ಇವೆಲ್ಲ ಅವನ ಪಾಲಿಗೆ ಬಂದವು. ಮರ ಕೊಯ್ಯುವ ಕೆಲಸ ಮನೆಗೆ ಬಂದ ಸೊಸೆಯ ಪಾಲಿಗೆ ಬಂತು. ಕಲಿಸಿದವರು ಮಾವ. ಮಗನ ಸೀನು ಕೇಳಿ ಕೇಳಿ ಬೇಸತ್ತಿದ್ದ ಅವರು ಒಂದು ದಿನ, "ನೀನಾದ್ರೂ ಬಾ ಇಲ್ಲಿ, ನಿನ್ನ ಮೂಗು ಗಟ್ಟಿ ಇದೆ" ಎಂದು ಅವಳನ್ನು ಮಿಷನ್ನಿನ ಮುಂದೆ ನಿಲ್ಲಿಸಿದ್ದರು. ಅವಳು ನಿಂತಳು, ಆಮೇಲೆ ಅಲ್ಲಿಂದ ಕದಲಲೇ ಇಲ್ಲ.

ಅವರು ಮಾಡುತ್ತಿದ್ದುದು ಕುರ್ಚಿ. ಆ ಕುರ್ಚಿಯ ಬೆನ್ನು ಬಾಗಿದ ಬೆನ್ನು. ಮನುಷ್ಯನ ಸೊಂಟ ಎಲ್ಲಿ ಒಳಗೆ ಹೋಗುತ್ತದೋ ಅಲ್ಲಿ ಮರ ಮುಂದೆ ಬರಬೇಕು, ಭುಜ ಎಲ್ಲಿ ಹೊರಗೆ ಬರುತ್ತದೋ ಅಲ್ಲಿ ಹಿಂದೆ ಸರಿಯಬೇಕು. ಅಂಥ ಬಾಗು ಕೊಯ್ಯಲು ಬ್ಯಾಂಡ್‌ಸಾ ಬೇಕು. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡರ ಸುತ್ತ ಕೊನೆಯೇ ಇಲ್ಲದ ಹಲ್ಲಿನ ಪಟ್ಟಿ, ಅದೇ ಬ್ಲೇಡು. ನಡುವಿನ ಮೇಜಿನ ಮೇಲೆ ಮರ ಇಟ್ಟು ತಳ್ಳಿದರೆ ಪಟ್ಟಿ ಅದನ್ನು ಸೀಳುತ್ತಾ ಹೋಗುತ್ತದೆ. ಈ ಮಿಷನ್ನಿನ ಮುಂದೆ ನಿಂತಾಗ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಆ ಸುಖ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ, ಅದನ್ನು ಬಿಟ್ಟುಕೊಡಲು ಅವಳಿಗೆ ಇಷ್ಟವೂ ಇರಲಿಲ್ಲ. 

ಬೇರಿಂಗಿನ ವಿಷಯ ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ಪಟ್ಟಿ ತೆಳ್ಳಗಿರುತ್ತದೆ, ಮರ ತಳ್ಳಿದಾಗ ಅತ್ತಿತ್ತ ಹೊರಳುತ್ತದೆ. ಹೊರಳದಂತೆ ಹಿಡಿಯಲು ಎಡಕ್ಕೊಂದು, ಬಲಕ್ಕೊಂದು, ಬೆನ್ನಿಗೊಂದು ಪುಟ್ಟ ಬೇರಿಂಗು ಇರುತ್ತದೆ. ಮೇಜಿನ ಮೇಲೆ ಮೂರು, ಮೇಜಿನ ಕೆಳಗೆ ಮೂರು, ಇವಕ್ಕೇ ಗೈಡು ಎನ್ನುತ್ತಾರೆ. ಇವುಗಳ ಧರ್ಮ ಒಂದೇ: ಹತ್ತಿರ ಇರಬೇಕು, ತಾಗಬಾರದು. ಪಟ್ಟಿ ಸುಮ್ಮನೆ ಓಡುವಾಗ ಬೇರಿಂಗು ಸುಮ್ಮನಿರಬೇಕು. ಪಟ್ಟಿ ಒರಗಿದಾಗ ಮಾತ್ರ ಹೆಗಲು ಕೊಡಬೇಕು. ನಡುವಿನ ಸಂದು ಒಂದು ಕಾಗದದಷ್ಟು. ಅದಕ್ಕಿಂತ ಜಾಸ್ತಿ ಬಿಟ್ಟರೆ ಪಟ್ಟಿ ಅಲೆಯುತ್ತದೆ. ಅದಕ್ಕಿಂತ ಕಡಿಮೆ ಮಾಡಿದರೆ ಬೇರಿಂಗು ಬೆಳಗಿನಿಂದ ಸಂಜೆತನಕ ಪುರುಸೊತ್ತಿಲ್ಲದೆ ತಿರುಗಿ, ಕಾದು, ಒಳಗಿನ ಗ್ರೀಸು ಕರಗಿ ಸಾಯುತ್ತದೆ. ಒಳ್ಳೇ ನೆಂಟಸ್ತನವೂ ಹೀಗೇ ಅಲ್ಲವೇ, ಆದರೆ ಆ ಮಾತು ಈಗ ಬೇಡ.

ಸೊಸೆ ಈ ಸಂದನ್ನು ಇಡುವುದರಲ್ಲಿ ಪಳಗಿದ ಕೈ. ಇಟ್ಟ ಮೇಲೆ ಮತ್ತೆ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ಸರಿಯಾಗಿ ಇಟ್ಟಿದ್ದನ್ನು ಎರಡನೇ ಸಲ ನೋಡುವುದು ತನ್ನ ಕೈಯನ್ನೇ ಅನುಮಾನಿಸಿದ ಹಾಗೆ ಎಂದು ಅವಳ ನಂಬಿಕೆ. ಸತ್ತ ಬೇರಿಂಗು ಬಿಚ್ಚುವಾಗ ಹೇಗಿದ್ದರೂ ತಿರುಪುಗಳೆಲ್ಲ ಸಡಿಲವಾಗುತ್ತವೆ, ಮೊದಲು ಹೇಗಿತ್ತು ಎಂದು ಗೊತ್ತಾಗುವುದೇ ಇಲ್ಲ. ಹಾಗಾಗಿ ತಪ್ಪು ತನ್ನದಲ್ಲ, ಮಾರಿದವನದು ಎಂದು ಅವಳು ತೀರ್ಮಾನಿಸಿದ್ದಳು.

ಗಂಡನ ಮಾತು ಕೇಳಿದ ಮರುದಿನವೇ ಡಬ್ಬಿ ಎತ್ತಿಕೊಂಡು ಗೋಲಿಯ ಅಂಗಡಿಗೆ ಹೋದಳು. ಗೋಲಿ ಎಂದರೆ ಬೇರಿಂಗು ಮಾರುವವನು, ಮಾವನ ಹಳೇ ಸ್ನೇಹಿತ. ಆ ಹೆಸರು ಅವನ ವ್ಯಾಪಾರದಿಂದ ಬಂತೋ ಬೋಳುತಲೆಯಿಂದ ಬಂತೋ ಎನ್ನುವುದರಲ್ಲಿ ಬೀದಿಯಲ್ಲಿ ಭಿನ್ನಾಭಿಪ್ರಾಯವಿತ್ತು. ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವನು ಉಸಿರು ಬಿಗಿಹಿಡಿಯಬೇಕಾದ ಅಂಗಡಿ, ಅಂದು ನಾಲ್ಕೈದು ಜನ ನಿಂತಿದ್ದರು. ಸೊಸೆ ಡಬ್ಬಿಯನ್ನು ಕೌಂಟರಿನ ಮೇಲೆ ಬೋರಲು ಹಾಕಿದಳು.

"ಇದರೊಳಗೆ ನೀವು ಉಕ್ಕಿನ ಗುಂಡು ಹಾಕ್ತೀರೋ ಬಟಾಣಿ ಕಾಳು ಹಾಕ್ತೀರೋ?" ಎಂದು ಕೇಳಿದಳು.

ಗೋಲಿ ಬೇಸರ ಮಾಡಿಕೊಳ್ಳಲಿಲ್ಲ. ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿದ. "ಇದು ಬಿಸಿ ತಿಂದು ಸತ್ತಿದೆ ಕಣಮ್ಮ. ಹೊರಗಿನ ಬಳೆ ನೋಡು, ನೀಲಿ ತಿರುಗಿದೆ. ಬ್ಲೇಡು ಇದನ್ನ ಒಂದು ಗಳಿಗೆನೂ ಬಿಟ್ಟಿಲ್ಲ. ಗೈಡು ಯಾರು ಇಡ್ತಾರೆ?"

"ನಾನೇ."

"ಬೇರೆ ಯಾರೂ ಮುಟ್ಟಲ್ವಾ?"

"ಅಲ್ಲಿ ಅದನ್ನ ಮುಟ್ಟೋಕೆ ಬರೋದು ನನಗೊಬ್ಬಳಿಗೇ. ಮಾವ ಸೊಂಟ ನೋವು ಅಂತ ಕೊಯ್ಯೋದು ಬಿಟ್ಟು ತುಂಬ ದಿನ ಆಯ್ತು."

"ಹಾಗಾದ್ರೆ ಬಿಗಿ ಮಾಡ್ತಿರೋಳು ನೀನೇ," ಎಂದ ಗೋಲಿ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಂತವರ ಕಡೆ ತಿರುಗಿ, "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಸೇರಿಸಿದ. ನಿಂತವರು ನಕ್ಕರು.

ಸೊಸೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮುಂದಿನ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಕಳಪೆ ಮಾಲು, ಕಣ್ಣಿಗೆ ಮಣ್ಣು, ಸ್ನೇಹದ ಹೆಸರಲ್ಲಿ ಕುತ್ತಿಗೆಗೆ ಕತ್ತರಿ ಎಂದೆಲ್ಲ ಅವಳು ಹೇಳಿದಳು. ಗೋಲಿಯ ತಲೆ ಕೆಂಪಾಯಿತು. ಆದರೂ ಅವನು ಹೊಸ ಆರು ಬೇರಿಂಗುಗಳನ್ನು ಅವಳ ಖಾಲಿ ಡಬ್ಬಿಗೆ ಹಾಕಿ, "ತಗೊಂಡು ಹೋಗು. ಇವೂ ಸತ್ರೆ ಅಂಗಡಿಗೆ ಬರಬೇಡ, ಹೇಳಿ ಕಳಿಸು. ನಾನೇ ಬಂದು ನೋಡ್ತೀನಿ" ಎಂದ.

ದಾರಿಯುದ್ದಕ್ಕೂ ಅವಳು ಕುದಿಯುತ್ತಾ ಬಂದಳು. ಆದರೆ ಮಿಷನ್ನಿದ್ದ ಶೆಡ್ಡಿನೊಳಗೆ ಕಾಲಿಟ್ಟಾಗ ಆ ನೀಲಿ ಬಳೆ ನೆನಪಾಯಿತು. ಉಕ್ಕಿಗೆ ಸುಮ್ಮಸುಮ್ಮನೆ ನೀಲಿ ಬಣ್ಣ ಬರುವುದಿಲ್ಲ ಎನ್ನುವುದು ಅವಳಿಗೂ ಗೊತ್ತಿದ್ದ ವಿಷಯ. ಬೈದಿದ್ದು ಬೈದಾಗಿತ್ತು, ಬೈಸಿಕೊಂಡವನ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಿಕೊಳ್ಳಲು ಅವಳಿಗೆ ಮಧ್ಯಾಹ್ನದವರೆಗೆ ಹೊತ್ತು ಬೇಕಾಯಿತು.

ಮಧ್ಯಾಹ್ನ ಪ್ಲಗ್ಗು ಕಿತ್ತು, ಬ್ಲೇಡಿನ ಬಿಗಿ ಸಡಿಲಿಸಿ, ಕೆಲಸಕ್ಕೆ ಕೂತಳು. ಮೊದಲು ಕೆಳಗಿನವು. ಮೇಜಿನ ಅಡಿಯವನ್ನು ಎಲ್ಲರೂ ಮರೆಯುತ್ತಾರೆ. ಅಲ್ಲಿ ಅಂಟು ಮತ್ತು ಪುಡಿ ಸೇರಿ ಗಟ್ಟಿ ಹೆಂಟೆಯಾಗಿರುತ್ತದೆ. ಅದನ್ನು ಕಟ್ಟಿಗೆಯ ಚೂರಿನಿಂದ ಕೆರೆದು, ಹಳೇ ಬ್ರಷ್ಷಿನಿಂದ ಉಜ್ಜಿದಳು. ಗಾಳಿ ಊದಿದರೆ ಪುಡಿ ಬೇರಿಂಗಿನೊಳಗೇ ಹೋಗಿ ಕೂರುತ್ತದೆ, ಹಾಗಾಗಿ ಊದಲಿಲ್ಲ. ಹಳೆಯದನ್ನು ಅದು ಕೂತ ಕಬ್ಬಿಣದ ಕಡ್ಡಿಯಿಂದ ಹೊರದಬ್ಬಿ, ಹೊಸದನ್ನು ಒಳಗಿನ ಬಳೆಗೆ ಮಾತ್ರ ಏಟು ಬೀಳುವ ಹಾಗೆ ಮೆಲ್ಲಗೆ ತಟ್ಟಿ ಕೂರಿಸಿದಳು. ಬ್ಲೇಡು ಬಿಗಿ ಮಾಡಿ, ಚಕ್ರವನ್ನು ಕೈಯಿಂದ ತಿರುಗಿಸಿ, ಪಟ್ಟಿ ಚಕ್ರದ ನಡುವೆ ಓಡುವುದನ್ನು ನೋಡಿದಳು. ಆಮೇಲೆ ಬೇರಿಂಗುಗಳನ್ನು ಹಲ್ಲುಗಳ ನಡುವಿನ ತಗ್ಗಿಗಿಂತ ಚೂರು ಹಿಂದೆ ತಂದು, ಕಾಗದದ ಚೂರು ಇಟ್ಟು, ತಿರುಪು ಬಿಗಿದು, ಕಾಗದ ಎಳೆದಳು. ಸಲೀಸಾಗಿ ಬಂತು.

ಮಾವ ಅಂಟಿನ ಡಬ್ಬಿಗಳ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಕೊಯ್ಯುವುದು ಬಿಟ್ಟರೂ ಶೆಡ್ಡು ಬಿಟ್ಟಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬೀಗ ತೆಗೆಯುವವರು ಅವರೇ, ಕಸ ಗುಡಿಸುವವರು ಅವರೇ.

"ಬಿಗಿ ಇದೆಯಾ?" ಎಂದು ಕೇಳಿದರು.

"ಸಂದು ಬಿಟ್ಟಿದೀನಿ ಮಾವ."

"ಹ್ಞೂಂ," ಎಂದರು ಮಾವ. ಆ ಹ್ಞೂಂಕಾರ ಅವರು ಯಾವುದಕ್ಕೂ ಹಾಕುವಂಥದು, ಅವಳು ಅದಕ್ಕೆ ಕಿವಿಗೊಡಲಿಲ್ಲ.

ಎದ್ದು ಹೋಗುವ ಮೊದಲು ಅವಳು ಇದುವರೆಗೆ ಮಾಡದ ಒಂದು ಕೆಲಸ ಮಾಡಿದಳು. ಬೇರಿಂಗು ಕೂತ ಕಡ್ಡಿ ಮತ್ತು ಅದನ್ನು ಹಿಡಿದ ಕಬ್ಬಿಣ, ಎರಡರ ಮೇಲೂ ಹಾದುಹೋಗುವಂತೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದಳು. ತನ್ನ ಕೈಯನ್ನು ತಾನೇ ಕಾವಲು ಕಾಯುತ್ತಿದ್ದೇನೆ ಅನಿಸಿ ನಾಚಿಕೆಯಾಯಿತು. ಯಾರೂ ನೋಡಲಿಲ್ಲವೆಂದು ಸಮಾಧಾನ ಮಾಡಿಕೊಂಡಳು.

ಮರುದಿನ ಬೆಳಿಗ್ಗೆ ಗೆರೆ ಎರಡು ತುಂಡಾಗಿತ್ತು. ಒಂದು ತುಂಡು ಅಲ್ಲೇ ಇತ್ತು, ಇನ್ನೊಂದು ಬ್ಲೇಡಿನ ಕಡೆ ಜರುಗಿತ್ತು. ಎಡಗಡೆಯದೂ ಹಾಗೇ, ಬಲಗಡೆಯದೂ ಹಾಗೇ. ಕಾಗದ ತುರುಕಿ ನೋಡಿದಳು, ಹೋಗಲಿಲ್ಲ. ಬೇರಿಂಗುಗಳು ಪಟ್ಟಿಯನ್ನು ಕಚ್ಚಿಹಿಡಿದಿದ್ದವು.

ಶೆಡ್ಡಿನ ಬೀಗ ತೆಗೆದವರು ಒಬ್ಬರೇ. ಇದಕ್ಕೆ ದೊಡ್ಡ ಲೆಕ್ಕಾಚಾರ ಬೇಕಿರಲಿಲ್ಲ. ಅವಳಿಗೆ ಮೊದಲು ಬಂದದ್ದು ಸಿಟ್ಟು. ಮಾವನ ಕಾಲದ ಹಳೇ ಮಿಷನ್ನಿಗೆ ಬೇರಿಂಗೇ ಇರಲಿಲ್ಲವಂತೆ, ಗಟ್ಟಿ ಮರದ ಎರಡು ತುಂಡು ಇಟ್ಟು ಬ್ಲೇಡಿಗೆ ತಾಗಿಸಿಯೇ ಕೊಯ್ಯುತ್ತಿದ್ದರಂತೆ. ಆ ಕಾಲದ ಚಾಳಿ ಬಿಟ್ಟಿಲ್ಲ, ಮುದುಕರಿಗೆ ಹಟ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಬಾಯೊಳಗೇ ಬೈದುಕೊಂಡಳು. ಗೋಲಿಯನ್ನು ಬೈದದ್ದು ನೆನಪಾಗಿ ಇನ್ನಷ್ಟು ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿ ಬಂದಿದ್ದಳು.

ಸಿಟ್ಟು ಇಳಿದ ಮೇಲೆ ನಿಜವಾದ ಕಷ್ಟ ಕಾಣಿಸಿತು. ಹೋದ ವರ್ಷ ಮಾವನ ಕಾಲಿನ ಮೇಲೆ ಉಳಿ ಬಿದ್ದಾಗಲೇ ಗಂಡ, "ಅಪ್ಪನಿಗೆ ಇನ್ನು ಶೆಡ್ಡು ಬೇಡ" ಎಂದು ಹಾರಾಡಿದ್ದ. ಈಗ ಇದನ್ನು ಹೇಳಿದರೆ ಬೀಗದ ಕೈ ಕಿತ್ತುಕೊಳ್ಳುತ್ತಾನೆ. ಶೆಡ್ಡಿಲ್ಲದ ಮಾವ ಹೇಗಿರುತ್ತಾರೆ ಎಂದು ಯೋಚಿಸಲು ಅವಳಿಗೆ ಮನಸ್ಸಾಗಲಿಲ್ಲ. ಹೇಳದಿದ್ದರೆ ಬೇರಿಂಗು ಸಾಯುತ್ತದೆ, ಮಿಷನ್ನು ಸೇತುವೆ ದಾಟುತ್ತದೆ. ಅತ್ತ ದರಿ, ಇತ್ತ ಪುಲಿ. ಅವಳು ಸುಮ್ಮನೆ ತಿರುಪು ಸಡಿಲಿಸಿ, ಮತ್ತೆ ಸಂದು ಬಿಟ್ಟು, ಆ ದಿನದ ಕೆಲಸ ಮುಗಿಸಿದಳು.

ಸಂಜೆ ಗಂಡ ಬಂದವನೇ, "ನಾಳೆ ಬಾಗಿಲಿನವನು ಮಿಷನ್ ನೋಡೋಕೆ ಬರ್ತಾನಂತೆ" ಎಂದ.

"ಬೇರಿಂಗ್ ಹೋಗಿಲ್ವಲ್ಲ," ಎಂದಳು.

"ಹೋಗುತ್ತಲ್ಲ," ಎಂದ ಅವನು. "ಯಾಕೆ ಹೋಗ್ತಿದೆ ಅಂತ ನಿಂಗೇ ಗೊತ್ತಿಲ್ಲ. ಗೊತ್ತಾದ್ರೆ ಹೇಳು, ಅವನಿಗೆ ಬರಬೇಡ ಅಂತೀನಿ."

ಮರುದಿನ ಬೆಳಿಗ್ಗೆ ಮಾವ ಬೀಗದ ಕೈ ತೆಗೆದುಕೊಂಡು ಹೋದ ಸದ್ದಾದ ಮೇಲೆ ಅವಳು ಎರಡು ಲೋಟ ಚಹಾ ಹಿಡಿದು ಹಿಂದೆಯೇ ಹೋದಳು. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಾವ ಕಿಟಕಿಗೆ ಬೆನ್ನು ಹಾಕಿ ಮಿಷನ್ನಿನ ಮುಂದೆ ಬಗ್ಗಿದ್ದರು. ದೀಪ ಕೂಡ ಹಾಕಿಕೊಂಡಿರಲಿಲ್ಲ. ಎಡಗೈಯ ಬೆರಳುಗಳು ಬ್ಲೇಡಿನ ಹಿಂಬದಿಯನ್ನು ಮೇಲಿಂದ ಕೆಳಗೆ ಸವರಿದವು. ಬಲಗೈ ತಿರುಪು ಸಡಿಲಿಸಿ, ಬೇರಿಂಗನ್ನು ಒಳಗೆ ತಳ್ಳಿ, ತಾಗಿದ್ದು ಬೆರಳಿಗೆ ಗೊತ್ತಾದ ಮೇಲೆ ತಿರುಪು ಬಿಗಿಯಿತು. ಆಮೇಲೆ ಇನ್ನೊಂದು ಬದಿ. ಆಮೇಲೆ ನೆಲದ ಮೇಲೆ ಮಂಡಿಯೂರಿ, ಮೇಜಿನ ಅಡಿಯವಕ್ಕೂ ಅದೇ ಉಪಚಾರ. ಎದ್ದು ನಿಂತಾಗ ಅವರ ಸೊಂಟ ಎಲ್ಲೂ ಹಿಡಿದುಕೊಳ್ಳಲಿಲ್ಲ.

ಅವಳು ಕೂಗಾಡಲಿಲ್ಲ. ಒಳಗೆ ಬಂದು ಚಹಾ ಕೊಟ್ಟಳು. ಈಗಷ್ಟೇ ಸಂದು ಮುಚ್ಚಿದ್ದು ತಾವೇ ಎಂದು ಅವರ ಬಾಯಿಂದಲೇ ಒಪ್ಪಿಸಬೇಕು ಎನ್ನುವುದು ಅವಳ ಉಪಾಯ.

"ಮಾವ, ನಿನ್ನೆ ನಾನು ಬಿಟ್ಟ ಸಂದು ಒಂದು ಸಲ ನೋಡಿ. ಸರಿ ಇದೆಯಾ?"

ಮಾವ ಲೋಟ ಕೆಳಗಿಟ್ಟು ಬಗ್ಗಿದರು. ತುಂಬ ಹೊತ್ತು ನೋಡಿದರು. "ಸರಿಯಾಗಿದೆ. ಕಾಗದದಷ್ಟೇ ಇದೆ."

ಎಂಥ ಸುಳ್ಳು ಎಂದು ಅವಳಿಗೆ ಮೈ ಉರಿಯಿತು. ಪೂಸಿ ಹೊಡೆಯುವುದರಲ್ಲಿ ಮಾವ ಮಗನಿಗಿಂತ ಮುಂದೆ ಇದ್ದಾರೆ ಎಂದುಕೊಂಡಳು. ತಿರುಪು ಬಿಚ್ಚಿ, ಬೇಕೆಂದೇ ಬೇರಿಂಗುಗಳನ್ನು ಹೆಬ್ಬೆರಳು ತೂರುವಷ್ಟು ದೂರ ಎಳೆದಳು. ಅವರ ಸುಳ್ಳನ್ನು ಅವರ ಮುಖಕ್ಕೇ ಹಿಡಿಯಬೇಕೆನ್ನುವ ಹಟ ಬಂದಿತ್ತು.

"ಈಗ ನೋಡಿ. ಈಗ ಹೇಗಿದೆ?"

ಮಾವ ಮತ್ತೆ ಬಗ್ಗಿದರು, ಮತ್ತೆ ಅಷ್ಟೇ ಹೊತ್ತು ನೋಡಿದರು. "ಈಗ ಚೂರು ಬಿಗಿ ಆಯ್ತು ನೋಡು," ಎಂದರು. "ಒಂದೆಳೆ ಬಿಡು."

ಸೊಸೆಯ ಕೈ ತಿರುಪಿನ ಮೇಲೇ ಉಳಿಯಿತು. ಹೊರಗೆ ಯಾರದೋ ಸೈಕಲ್ಲು ಬೆಲ್ಲು ಹೊಡೆದುಕೊಂಡು ಹೋಯಿತು. ಅವಳ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿತು.

"ಮಾವ, ನಿಮಗೆ ಕಾಣಲ್ಲ," ಎಂದಳು.

ಮಾವ ಸ್ಟೂಲನ್ನು ಕಾಲಿನಿಂದ ಹುಡುಕಿ ಕೂತರು. "ಪೂರ್ತಿ ಕಾಣಲ್ಲ ಅಂತಲ್ಲ. ಓರೆಯಾಗಿ ನೋಡಿದ್ರೆ ಚೂರು ಕಾಣುತ್ತೆ. ನೇರ ನೋಡಿದ್ದು ಮಾತ್ರ ಇಲ್ಲ. ನಿನ್ನ ಮುಖ ನೋಡಿದ್ರೆ ನಿನ್ನ ಕಿವಿ ಕಾಣುತ್ತೆ, ಮುಖ ಕಾಣಲ್ಲ."

"ಡಾಕ್ಟ್ರಿಗೆ ತೋರಿಸೋಣ."

"ತೋರಿಸಿದೀನಿ. ಕ್ಷೌರ ಮಾಡಿಸ್ಕೊಂಡು ಬರ್ತೀನಿ ಅಂತ ಹೇಳಿ ಹೋಗಿದ್ದೆ. ಕಣ್ಣಿನ ಹಿಂದಿನ ಪರದೆ ಸವೆದಿದೆಯಂತೆ. ಸವೆದಿದ್ದು ವಾಪಸ್ಸು ಬರಲ್ಲ ಅಂದ್ರು. ಬೇರಿಂಗ್ ಆಗಿದ್ರೆ ಬದಲಾಯಿಸಬಹುದಿತ್ತು."

ಅವರು ನಗಿಸಲೆಂದೇ ಹೇಳಿದ್ದು. ಅವಳು ನಗಲಿಲ್ಲ. "ಕಾಣಲ್ಲ ಅಂದ್ಮೇಲೆ ಇದನ್ನ ಯಾಕೆ ಮುಟ್ಟೋಕೆ ಹೋಗ್ತೀರಿ? ಕೊಯ್ಯೋದೇ ಬಿಟ್ಟಿದ್ರಲ್ಲ, ಸೊಂಟ ನೋವು ಅಂತ."

"ಸೊಂಟಕ್ಕೆ ಏನೂ ಆಗಿಲ್ಲ. ಕಣ್ಣು ಕಾಣದೆ ಬ್ಲೇಡಿನ ಮುಂದೆ ನಿಲ್ಲೋಕೆ ನಂಗೇನು ತಲೆ ಕೆಟ್ಟಿದೆಯಾ?"

"ಮತ್ತೆ?"

"ನೀನು ನಿಲ್ತೀಯಲ್ಲ," ಎಂದರು ಮಾವ.

ಅವರು ಚಹಾದ ಲೋಟಕ್ಕಾಗಿ ನೆಲ ತಡವಿದರು. ಅವಳು ಎತ್ತಿ ಕೈಗೆ ಕೊಟ್ಟಳು.

"ನಿಂಗೆ ಕಲಿಸಿದ ದಿನದಿಂದ ನೀನು ಗೈಡು ಇಟ್ಟ ಮೇಲೆ ನಾನು ಒಂದು ಸಲ ನೋಡ್ತಿದ್ದೆ. ನೀನು ಬೇಜಾರು ಮಾಡ್ಕೋತೀಯ ಅಂತ ನೀನಿಲ್ಲದಾಗ ನೋಡ್ತಿದ್ದೆ. ಸಡಿಲ ಇದ್ರೆ ಸರಿ ಮಾಡ್ತಿದ್ದೆ. ಬ್ಲೇಡು ಅಲೆದ್ರೆ ಮರ ಜಾರುತ್ತೆ, ಮರ ಜಾರಿದ್ರೆ ಕೈ ಹೋಗುತ್ತೆ. ಈಗ ನೋಡೋಕಾಗಲ್ಲ, ಮುಟ್ಟಿ ನೋಡ್ತೀನಿ. ಕಾಗದದಷ್ಟು ಸಂದು ಯಾರ ಬೆರಳಿಗೂ ಸಿಗಲ್ಲ ಕಣೇ. ತಾಗಿದ್ದು ಮಾತ್ರ ಸಿಗುತ್ತೆ. ತಾಗಿದೆ ಅಂದ್ರೆ ಬ್ಲೇಡು ನಿನ್ನ ಕಡೆ ಬರಲ್ಲ ಅಂತ ನಂಗೆ ಧೈರ್ಯ. ಬೇರಿಂಗ್ ಹೋಗುತ್ತೆ, ಗೊತ್ತು. ಹೋದ್ರೆ ಗೋಲಿ ಹತ್ರ ಇನ್ನೊಂದು ಸಿಗುತ್ತೆ."

ಸೊಸೆ ತನ್ನ ಕೈಗಳನ್ನು ನೋಡಿಕೊಂಡಳು. ಹತ್ತೂ ಬೆರಳು ಇದ್ದವು. ಅಷ್ಟರಲ್ಲಿ ಬಾಗಿಲಲ್ಲಿ ಗಂಡ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದ, ಇನ್ನೊಂದು ಕೈಯಲ್ಲಿ ಫೋನು.

"ಬಾಗಿಲಿನವನು ಹೊರಟಿದಾನಂತೆ," ಎಂದ. "ಏನಾದ್ರೂ ಗೊತ್ತಾಯ್ತಾ, ಬರ್ಲಿ ಅನ್ಲಾ?"

ಮಾವ ಏಳಲು ಹೊರಟರು. ಬಾಯಿ ತೆರೆದರು ಕೂಡ. ಸೊಸೆ ಅವರಿಗಿಂತ ಮೊದಲು ಮಾತಾಡಿದಳು.

"ಗೊತ್ತಾಯ್ತು. ತಪ್ಪು ನಂದೇ. ನಾನು ಗೈಡು ಬಿಗಿ ಮಾಡ್ತಿದ್ದೆ. ತಾಗಿಸಿ ಇಡ್ತಿದ್ದೆ, ಅದಕ್ಕೇ ಕಾದು ಹೋಗ್ತಿತ್ತು. ಮಿಷನ್ ಚೆನ್ನಾಗೇ ಇದೆ."

ಈ ಮಾತು ಆಡಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಗಂಡನಿಗೆ ಗೊತ್ತಾಗುವ ಹಾಗಿರಲಿಲ್ಲ. ಇಡೀ ಬೀದಿಯಲ್ಲಿ ಸಂದು ಇಡಲು ತನ್ನಷ್ಟು ಯಾರಿಗೂ ಬರುವುದಿಲ್ಲ ಎಂದು ಬೀಗುತ್ತಿದ್ದವಳು, ಗೋಲಿಯ ಮರ್ಯಾದೆ ತೆಗೆದು ಬಂದವಳು. ಗಂಡ ಕರವಸ್ತ್ರ ಇಳಿಸಿದ. ನಗಲೋ ಬೇಡವೋ ಎಂದು ಮುಖ ನೋಡಿದ.

ಆಗ ಮಾವ ಗಂಟಲು ಸರಿಮಾಡಿಕೊಂಡರು. "ಎಷ್ಟು ಸಲ ಹೇಳಿದೀನಿ ಇವಳಿಗೆ," ಎಂದರು ಮಗನ ಕಡೆ ತಿರುಗಿ. "ಸಂದು ಬಿಡು, ಸಂದು ಬಿಡು ಅಂತ. ಮುದುಕನ ಮಾತು ಯಾರು ಕೇಳ್ತಾರೆ."

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ, ನಗುವಿನ ನಡುವೆ ಸೀನಿದ. ಬಾಗಿಲಿನವನಿಗೆ ಬರಬೇಡವೆಂದು ಫೋನು ಮಾಡಿದ. ಅದು ಮುಗಿದ ಕೂಡಲೇ ಗೋಲಿಗೂ ಫೋನು ಮಾಡಿದ. ಶೆಡ್ಡಿನಿಂದ ಅಂಗಳ ದಾಟುವವರೆಗೂ ಅವನ ದನಿ ಕೇಳಿಸುತ್ತಿತ್ತು: "ಹೌದಂತೆ, ಅವಳೇ ಅಂತೆ, ಅವಳ ಬಾಯಿಂದಾನೇ ಹೇಳಿದ್ಲು." ಗೋಲಿ ಇದನ್ನು ಸಾಯುವತನಕ ಬಿಡುವುದಿಲ್ಲ ಎಂದು ಸೊಸೆಗೆ ಖಾತ್ರಿಯಾಯಿತು. ಆದರೆ ಮಿಷನ್ನು ಉಳಿದಿತ್ತು.

"ಆ ಮಾತು ಬೇಕಿತ್ತಾ ಮಾವ?" ಎಂದು ಕೇಳಿದಳು.

"ಅವನು ನಂಬಬೇಕಲ್ಲ. ನೀನು ತಪ್ಪು ಮಾಡಿ ನಾನು ಬೈಯದೆ ಇದ್ರೆ ಅವನಿಗೆ ಅನುಮಾನ ಬರ್ತಿತ್ತು."

ಅದೂ ನಿಜವೇ. ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅಳುವುದು ಅವರಿಗೆ ಕಾಣುವುದಿಲ್ಲ ಎಂದು ನೆನಪಾದಾಗ ಇನ್ನೂ ಜಾಸ್ತಿಯಾಯಿತು. ಮೂಗು ಒರೆಸಿಕೊಂಡು, ಕಾಗದ ಇಟ್ಟು, ಬೇರಿಂಗುಗಳನ್ನು ಒಂದೊಂದಾಗಿ ಸರಿಮಾಡಿದಳು.

"ಮಾವ, ಇನ್ಮೇಲೆ ಇದನ್ನ ಮುಟ್ಟಬೇಡಿ. ಇನ್ನೊಂದು ಸಲ ಹೋದ್ರೆ ಹೇಳೋಕೆ ನನ್ನ ಹತ್ರ ಬೇರೆ ಸುಳ್ಳಿಲ್ಲ."

"ಮುಟ್ಟಲ್ಲ," ಎಂದರು ಮಾವ. ಆಮೇಲೆ, "ಮುಟ್ಟದೆ ಇದ್ರೆ ನೀನು ಹುಷಾರಾಗಿದೀಯ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದು ಕೇಳಿದರು.

 ಪ್ಲಗ್ಗು ಇನ್ನೂ ಹಾಕಿರಲಿಲ್ಲ. ಕುರ್ಚಿಯ ಬೆನ್ನಿನ ಮರವೊಂದನ್ನು ಮೇಜಿನ ಮೇಲಿಟ್ಟು, ಕೊಯ್ಯುವಾಗ ಹಿಡಿಯುವ ಹಾಗೇ ಎರಡು ಕೈಯಿಂದ ಹಿಡಿದು, "ಬನ್ನಿ, ನೋಡಿ" ಎಂದಳು. ಮಾವ ಬಂದರು. ಕಿರುಬೆರಳನ್ನು ಬ್ಲೇಡಿಗೆ ತಾಗಿಸಿ, ಅಂಗೈ ಅಗಲಿಸಿ, ಹೆಬ್ಬೆರಳು ಅವಳ ಕೈಯನ್ನು ಮುಟ್ಟುವವರೆಗೆ ಅಳೆದರು.

"ಒಂದು ಗೇಣೂ ಇಲ್ಲ. ಹಿಂದೆ ತಗೋ," ಎಂದರು. ಅವಳು ತೆಗೆದಳು. "ಇನ್ನೂ." ಇನ್ನೂ ತೆಗೆದಳು. "ಹಾಂ. ಇಲ್ಲಿಂದ ಮುಂದೆ ಬರಬೇಡ."

"ಬರಲ್ಲ ಮಾವ."

ಅಷ್ಟು ದೂರದಿಂದ ಕುರ್ಚಿಯ ಬೆನ್ನು ಕೊಯ್ಯಲು ಯಾರಿಂದಲೂ ಆಗುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅವರು ಹೋಗಿ ಸ್ಟೂಲಿನ ಮೇಲೆ ಕೂತರು. ಅವಳು ಪ್ಲಗ್ಗು ಹಾಕಿ ಸ್ವಿಚ್ಚು ಒತ್ತಿದಳು. ಬೇರಿಂಗುಗಳು ತಿರುಗಲಿಲ್ಲ, ಪಟ್ಟಿಯೊಂದೇ ಹಗುರವಾಗಿ ಓಡುತ್ತಿತ್ತು. ಮರ ತಳ್ಳಿದಳು, ಅವು ತಿರುಗಿದವು. ನೇರ ಭಾಗ ಮುಗಿದು, ಸೊಂಟದ ಬಾಗು ಬಂತು. ಅಲ್ಲಿ ಮರವನ್ನು ಹತ್ತಿರದಿಂದ ಒತ್ತಿ ತಿರುಗಿಸಬೇಕು. ಅವಳ ಎಡಗೈ ತನ್ನಷ್ಟಕ್ಕೇ ಮುಂದೆ ಜಾರಿತು.

"ಹತ್ತಿರ ಬಂದೆ," ಎಂದರು ಮಾವ ಹಿಂದಿನಿಂದ.

ಅವಳು ತಿರುಗಿ ನೋಡಿದಳು. ಮಾವ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ಕೂತಿದ್ದರು. ಬ್ಲೇಡು ಮರದಲ್ಲಿ ಎಲ್ಲಿದೆ, ಅಲ್ಲಿ ಕೈ ಎಲ್ಲಿಗೆ ಬರುತ್ತದೆ ಎನ್ನುವುದು ಅದೇ ಬಾಗನ್ನು ಒಂದು ಆಯುಸ್ಸು ಕೊಯ್ದವರಿಗೆ ಸದ್ದಿನಿಂದಲೇ ಗೊತ್ತು.

"ಇಲ್ಲ ಮಾವ," ಎಂದಳು.

"ಸುಳ್ಳು ಹೇಳಬೇಡ. ಹಿಂದೆ ತಗೋ."

ಅವಳು ಕೈಯನ್ನು ಹಿಂದೆ ತೆಗೆದುಕೊಂಡಳು, ಆಮೇಲೆ ಮರ ತಳ್ಳಿದಳು.